ರಂಪಣಿ ಎಳೆಯುವ ಹೊತ್ತು

ಮಳೆಗಾಲ ಮುಗಿದ ಮೇಲೆ ಕರಾವಳಿಯಲ್ಲಿ ಕ್ಯಾಮೆರಾಕ್ಕೆ ಕೆಲಸವಿಲ್ಲ ಎಂದು ಲೇಖಕರೊಬ್ಬರು ತಮ್ಮ ಲೇಖನದಲ್ಲಿ ಬರೆದಿದ್ದಾರೆ. ಕಾರವಾರದವನಾದ ನಾನು ಇದನ್ನು ಒಪ್ಪಲಾರೆ. ಜೂನ್‌ನಿಂದ ನನ್ನ ಕ್ಯಾಮೆರಾ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಡಬ್ಬಿಯಲ್ಲೇ ಇರುತ್ತದೆ, ಇಲ್ಲವಾದರೆ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಅದು ಹೊರಬರುವುದೇ ನವರಾತ್ರಿಯ ಹೊತ್ತಿಗೆ!

ಆಗ ಗಾಳಿಯಲ್ಲಿ ಧೂಳಿರುವುದಿಲ್ಲ. ಬೆಳಿಗ್ಗೆ ಟ್ಯಾಗೋರ್ ಕಡಲತೀರದಲ್ಲಿ ನಿಂತರೆ ಬೆನ್ನ ಹಿಂದಿನ ಗುಡ್ಡಗಳಿಂದ ಬಿಸಿಲು ಇಳಿದು ದೂರದ ದ್ವೀಪಗಳ ಮೇಲೆ ಬೀಳುತ್ತದೆ. ನನ್ನ ಕಣ್ಣು ಮಾತ್ರ ರಂಪಣಿ ಬಲೆಯ ಮೇಲೆಯೇ. ಎರಡು ಸಾಲಾಗಿ ನಿಂತವರು ಹಗ್ಗ ಎಳೆದು ಬಲೆಯನ್ನು ಮರಳಿಗೆ ತರುತ್ತಿದ್ದಂತೆ ಮೀನುಗಳು ಪುಟಿಯುತ್ತವೆ. ಶಟರ್ ವೇಗ 1/1000 ಸೆಕೆಂಡ್ ಇದ್ದರೆ ಒಂದೊಂದು ಹನಿಯೂ ಗಾಳಿಯಲ್ಲೇ ನಿಲ್ಲುತ್ತದೆ, 1/30ಕ್ಕೆ ಇಳಿಸಿದರೆ ಮೀನು ಬೆಳ್ಳಿಯ ಗೆರೆಯಾಗುತ್ತದೆ. ನನಗೆ ಎರಡನೆಯದೇ ಇಷ್ಟ. ಹತ್ತಿರ ಕುಳಿತು ನೋಡಿ: ಆಗತಾನೇ ಬಂದ ಬಂಗುಡೆಯ ಬೆನ್ನ ಮೇಲಿನ ಗೆರೆಗಳು ಹೊನ್ನಿನ ಬಣ್ಣದವು, ಆಮೇಲೆ ಅವೇ ಕಪ್ಪಾಗುತ್ತವೆ. ಆ ಹೊನ್ನನ್ನು ಹಿಡಿಯಲು ಎಷ್ಟು ಮುಂಜಾವುಗಳನ್ನು ಕಳೆದಿದ್ದೇನೋ!

ಕಳೆದ ವರ್ಷ ಹಗ್ಗ ಹಿಡಿದಿದ್ದ ಹಿರಿಯರೊಬ್ಬರು, "ತಮ್ಮಾ, ನನ್ನದೊಂದು ಫೋಟೋ ಕಾಗದದ ಮೇಲೆ ಕೊಡುತ್ತೀಯಾ?" ಎಂದು ಕೇಳಿದರು. ಮುಂದಿನ ಭಾನುವಾರ ಪ್ರತಿ ಮಾಡಿಸಿ ಕೊಟ್ಟೆ. ಒದ್ದೆ ಕೈಯನ್ನು ಲುಂಗಿಗೆ ಒರೆಸಿಕೊಂಡು, ಅಂಚಿನಲ್ಲಷ್ಟೇ ಹಿಡಿದು, ಬಹಳ ಹೊತ್ತು ನೋಡಿದರು.