ಚಾಕು ಎಸೆಯೋ ಸೀನನ್ನು ಓಡಿಸಿಬಿಟ್ಟ

ನಿನ್ನೆ ರಾತ್ರಿಯ ಸಿಟ್ಟು ಇನ್ನೂ ಇಳಿದಿಲ್ಲ. ಅಕ್ಕನ ಮಗ ರಜೆಗೆ ಬಂದಿದ್ದಾನೆ, ಇಂಜಿನಿಯರಿಂಗ್ ಎರಡನೇ ವರ್ಷ, ಚುರುಕು ಹುಡುಗ. ನನ್ನ ಕೌಬಾಯ್ ಸಿನಿಮಾ ಹುಚ್ಚು ನಿಮಗೆಲ್ಲ ಗೊತ್ತಿರೋದೇ. ಊಟ ಆದಮೇಲೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ದಿ ಮ್ಯಾಗ್ನಿಫಿಸೆಂಟ್ ಸೆವೆನ್’ ಹಾಕಿದೆ, 1960ರದ್ದು. ಚಾಕು ಎಸೆಯುವವನ ಪಾತ್ರದಲ್ಲಿ ಜೇಮ್ಸ್ ಕೋಬರ್ನ್ ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡು ಒರಗಿ ಕೂತಿದ್ದಾನೆ. ಒಬ್ಬ ಬಂದು ಕೆಣಕುತ್ತಾನೆ, ನಿನ್ನ ಚಾಕುಗಿಂತ ನನ್ನ ಪಿಸ್ತೂಲೇ ಬೇಗ ಅಂತ. ಅಷ್ಟರಲ್ಲಿ ನಮ್ಮ ಹುಡುಗ ರಿಮೋಟ್ ತಗೊಂಡು ಸೀನನ್ನು ಮುಂದಕ್ಕೆ ಓಡಿಸಿಬಿಟ್ಟ.

“ಲ್ಯಾಗ್ ಆಗ್ತಿದೆ ಮಾಮ. ಇವನು ಟಾಪ್ ಅಂತ ಗೊತ್ತಾಯ್ತಲ್ಲ, ಫೈಟಿಗೆ ಹೋಗೋಣ.”

ಏನು ಗೊತ್ತಾಯ್ತು? ಇರೋದೆಲ್ಲ ಅವನು ಓಡಿಸಿದ ಆ ಸೀನಿನಲ್ಲೇ ಇತ್ತು! ಮೊದಲ ಸಲ ಯಾರಿಗೂ ಪೆಟ್ಟಾಗದ ಹಾಗೆ ಪರೀಕ್ಷೆ ನಡೆಯುತ್ತೆ. ಕೋಬರ್ನ್ ಒಂದೇ ಮಾತು ಹೇಳ್ತಾನೆ, ನೀನು ಸೋತೆ ಅಂತ. ಎದುರಿನವನು ಒಪ್ಪಲ್ಲ, ನಿಜವಾಗಿಯೇ ಆಗಲಿ ಅಂತ ಕೂಗಾಡ್ತಾನೆ. ಕೋಬರ್ನ್‌ಗೆ ಏಳೋಕೇ ಮನಸ್ಸಿಲ್ಲ. ಅವನಿಗೆ ಮುಂದಾಗೋದು ಗೊತ್ತು. ಆ ಏಳುವ ಬೇಸರವೇ ಅವನ ಕೈಚಳಕದ ಸಾಕ್ಷಿ.

ಈ ಸೀನಿನ ಬೇರು 1954ರಲ್ಲಿ ಜಪಾನಿನ ನಿರ್ದೇಶಕ ಕುರೋಸಾವಾ ತೆಗೆದ ‘ಸೆವೆನ್ ಸಮುರಾಯ್’ನಲ್ಲಿದೆ. ಅಲ್ಲಿ ಕ್ಯೂಜೊ ಅನ್ನುವ ಖಡ್ಗಧಾರಿ ಮೊದಲು ಕೋಲಿನಲ್ಲಿ ಆಡ್ತಾನೆ, ಆಮೇಲೆ ವಿಧಿಯಿಲ್ಲದೆ ಕತ್ತಿ ಹಿಡೀತಾನೆ. ಇನ್ನೊಂದು ಕಡೆ ಒಬ್ಬನೇ ಕತ್ತಲಲ್ಲಿ ಹೋಗಿ ಶತ್ರುವಿನ ಬಂದೂಕು ತಂದುಕೊಟ್ಟು, ಇಬ್ಬರನ್ನು ಕೊಂದೆ ಅಂತಷ್ಟೇ ಹೇಳಿ ಕೂತು ನಿದ್ದೆಗೆ ಜಾರ್ತಾನೆ. ಅಬ್ಬಬ್ಬಾ ಅನ್ನೋಕೆ ಸುತ್ತ ಹತ್ತು ಜನ ಬೇಕಾಗಿಲ್ಲ. ಈಗಿನ ಹೀರೋಗೆ ಬೇಕು. ಅವನು ಬರೋ ಮೊದಲೇ ವಿಲನ್ನಿನ ಕಡೆಯವರೇ ಅವನ ಪುರಾಣ ಓದಬೇಕು, ಹಿಂದೆ ಡೋಲು ಬಡೀಬೇಕು. ಅವನ ಕೆಲಸ ಮಾತ್ರ ಕಾಣಿಸೋದೇ ಇಲ್ಲ, ನನಗೆ ಹೊಟ್ಟೆ ಉರಿಯೋದು ಇದಕ್ಕೇ.

ಕೋಬರ್ನ್‌ದೇ ಇನ್ನೊಂದು ಜಾಗ ಇದೆ. ದೂರದಲ್ಲಿ ಓಡುತ್ತಿರುವ ಸವಾರನನ್ನು ಒಂದೇ ಗುಂಡಿಗೆ ಕೆಡವ್ತಾನೆ. ಜೊತೆಗಿದ್ದ ಹುಡುಗ ಇಂಥ ಗುರಿ ನೋಡೇ ಇಲ್ಲ ಅಂತ ಬಾಯಿ ಬಿಡ್ತಾನೆ. ಕೋಬರ್ನ್ ಹೇಳ್ತಾನೆ, ಇದಕ್ಕಿಂತ ಕೆಟ್ಟ ಗುರಿ ಇಲ್ಲ, ನಾನು ಹೊಡೆಯೋಕೆ ಹೋಗಿದ್ದು ಕುದುರೆಗೆ. ಕೆಲಸ ಗೊತ್ತಿರುವವನು ಚಪ್ಪಾಳೆಯನ್ನು ನಂಬಲ್ಲ, ತನ್ನ ಅಳತೆಯಲ್ಲೇ ತನ್ನನ್ನು ಅಳೀತಾನೆ.

ಇಟಲಿಯ ನಿರ್ದೇಶಕ ಲಿಯೋನೆ ಸಿನಿಮಾಗಳಂತೂ ಇದರ ಹಬ್ಬ. ‘ಫಾರ್ ಎ ಫ್ಯೂ ಡಾಲರ್ಸ್ ಮೋರ್’ನಲ್ಲಿ ಕರ್ನಲ್ ಮಾರ್ಟಿಮರ್ ಮೇಲೆ ಒಬ್ಬ ಗುಂಡು ಹಾರಿಸ್ತಾನೆ, ಅದು ತಲುಪಲ್ಲ. ಮಾರ್ಟಿಮರ್ ಓಡಲ್ಲ, ಬಗ್ಗಲ್ಲ. ಉದ್ದ ನಳಿಗೆಯ ಪಿಸ್ತೂಲಿಗೆ ಭುಜಕ್ಕೆ ಒತ್ತುವ ಹಿಡಿ ಜೋಡಿಸಿ, ನಿಧಾನಕ್ಕೆ ಗುರಿಯಿಟ್ಟು ಹೊಡೀತಾನೆ. ಅವನಿಗೆ ದೂರದ ಲೆಕ್ಕ ಗೊತ್ತು, ಅಷ್ಟೇ. ‘ದಿ ಗುಡ್, ದಿ ಬ್ಯಾಡ್ ಆಂಡ್ ದಿ ಅಗ್ಲಿ’ಯಲ್ಲಿ ಟುಕೊ ಬಂದೂಕಿನ ಅಂಗಡಿಗೆ ಹೋಗಿ ನಾಲ್ಕಾರು ಪಿಸ್ತೂಲು ಬಿಚ್ಚಿ, ಒಂದರ ನಳಿಗೆ, ಇನ್ನೊಂದರ ಸಿಲಿಂಡರ್ ಆರಿಸ್ತಾನೆ. ಸಿಲಿಂಡರನ್ನು ಕಿವಿಯ ಹತ್ತಿರ ತಿರುಗಿಸಿ ಟಿಕ್ ಟಿಕ್ ಕೇಳ್ತಾನೆ. ಅಲ್ಲೀವರೆಗೂ ಕೋಡಂಗಿ ಥರ ಕಂಡವನು ಆ ಕ್ಷಣದಲ್ಲಿ ಬೇರೆ ಮನುಷ್ಯ.

ಆ ಟಿಕ್ ಟಿಕ್ ಬಂದಾಗಲೆಲ್ಲ ನನಗೆ ಅಪ್ಪನ ನೆನಪು. ನಮ್ಮ ಮೋಟರ್ ರಿವೈಂಡಿಂಗ್ ಅಂಗಡಿ ನೋಡಿದವರು ಇಲ್ಲಿ ಹಲವರಿದ್ದೀರಿ. ಮೋಟರ್ ಚಾಲೂ ಮಾಡಿ, ಸ್ಕ್ರೂಡ್ರೈವರಿನ ತುದಿ ಅದರ ಮೈಗಿಟ್ಟು, ಹಿಡಿಯನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚುತ್ತಿದ್ದರು. ರೈತರು ಮಾತಿಲ್ಲದೆ ನಿಂತಿರೋರು. “ಹಿಂದಿನ ಬೇರಿಂಗು” ಅಂತ ಒಂದೇ ಮಾತು. ಬಿಚ್ಚಿದರೆ ಅದೇ ಆಗಿರೋದು. ಪಿಯುಸಿ ಓದುತ್ತಿದ್ದ ನಾನು ಪಕ್ಕದಲ್ಲಿ ನಿಂತು “ಬೇಗ ಹೇಳಪ್ಪ, ಬಸ್ಸು ಹೋಗುತ್ತೆ” ಅಂತಿದ್ದೆ. ಒಂದು ದಿನವೂ ನಾನು ಕಿವಿ ಇಡಲಿಲ್ಲ. ಆ ಸ್ಕ್ರೂಡ್ರೈವರ್ ಈಗ ನನ್ನ ಹತ್ತಿರ ಇದೆ. ಮೊನ್ನೆ ಸಂಪಿನ ಮೋಟರಿಗಿಟ್ಟು ಕೇಳಿದೆ. ಬರೀ ಗುಂಯ್ ಅನ್ನೋ ಸದ್ದು.

ಇದೆಲ್ಲ ಸುಳ್ಳಲ್ವಾ ಮಾಮ, ನಿಜವಾಗಿ ಹಾಗೆಲ್ಲ ನಡೀತಿತ್ತಾ ಅಂತ ಹುಡುಗ ಕೇಳಿದ. ಬಹಳ ಅಪರೂಪ, ಒಪ್ಪಿದೆ. 1865ರಲ್ಲಿ ಮಿಸೌರಿಯ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ವೈಲ್ಡ್ ಬಿಲ್ ಹಿಕಾಕ್ ಮತ್ತು ಡೇವಿಸ್ ಟಟ್ ಸುಮಾರು 75 ಗಜ ದೂರದಲ್ಲಿ ಪಿಸ್ತೂಲು ಹಿಡಿದು ಎದುರುಬದುರು ನಿಂತಿದ್ದನ್ನು ಇವತ್ತಿಗೂ ಹೇಳ್ತಾರೆ ಅಂದರೆ, ಅಂಥದ್ದು ಎಷ್ಟು ಕಡಿಮೆ ಅಂತ ಲೆಕ್ಕ ಹಾಕಿ. 1992ರ ‘ಅನ್‌ಫರ್ಗಿವನ್’ ಸಿನಿಮಾದಲ್ಲಿ ಊರು ಕಾಯುವ ಪೊಲೀಸು, ಷೆರಿಫ್ಫೇ ಹೇಳ್ತಾನೆ, ವೇಗ ಮುಖ್ಯ ಅಲ್ಲ, ತಲೆ ತಣ್ಣಗಿರಬೇಕು ಅಂತ. ಗುಂಡಿನ ವೇಗ ಸುಳ್ಳಿರಲಿ, ನನಗೇನೂ ನಷ್ಟವಿಲ್ಲ. ಕೈಯಲ್ಲಿರುವ ವಸ್ತುವಿನ ಮೇಲಿನ ಆ ಗಮನ ಇದೆಯಲ್ಲ, ಅದು ಸುಳ್ಳಲ್ಲ, ನಾನು ಅಂಗಡಿಯಲ್ಲಿ ಕಣ್ಣಾರೆ ಕಂಡಿದ್ದೀನಿ.

ಇವತ್ತು ರಾತ್ರಿ ‘ರಿಯೊ ಬ್ರಾವೊ’ ಹಾಕ್ತೀನಿ. ಡೀನ್ ಮಾರ್ಟಿನ್ ಅದರಲ್ಲಿ ಕುಡಿದು ಹಾಳಾದ ಡೆಪ್ಯುಟಿ, ಅಂದರೆ ಷೆರಿಫ್‌ನ ಸಹಾಯಕ, ಒಂದು ಕಾಲಕ್ಕೆ ಭಾರಿ ಗುರಿಕಾರ. ಈಗ ಸಿಗರೇಟು ಸುತ್ತೋಕೂ ಆಗದಷ್ಟು ಕೈ ನಡುಕ, ಜಾನ್ ವೇಯ್ನ್ ಸುತ್ತಿ ಕೊಡಬೇಕು. ಕೊನೆಗೊಮ್ಮೆ ಸೋತು ಲೋಟಕ್ಕೆ ವಿಸ್ಕಿ ಬಗ್ಗಿಸಿಕೊಳ್ತಾನೆ. ಹೊರಗಿನಿಂದ ಶತ್ರುಗಳು ನುಡಿಸುವ ರಾಗ ಕೇಳುತ್ತೆ. ಲೋಟದಲ್ಲಿದ್ದದ್ದನ್ನು ಹಾಗೇ ಬಾಟ್ಲಿಗೆ ವಾಪಸ್ ಸುರೀತಾನೆ, ಒಂದು ಹನಿ ಚೆಲ್ಲಲ್ಲ. ಅದು ಬರೋವರೆಗೂ ರಿಮೋಟ್ ನನ್ನ ಹತ್ತಿರವೇ ಇರುತ್ತೆ ಅಂತ ಅವನಿಗೆ ಬೆಳಿಗ್ಗೆಯೇ ಹೇಳಿದ್ದೀನಿ.