ಮುಚ್ಚಿದ ಕೇಂದ್ರದ ಕಾಲ್ ಸೈನ್ ಮತ್ತೊಬ್ಬರಿಗೆ ಸಲ್ಲಬೇಕೇ?

ಅಮೆರಿಕದ ಪ್ರತಿಯೊಂದು ಬಾನುಲಿ ಕೇಂದ್ರವೂ ಗಂಟೆಗೊಮ್ಮೆ ತನ್ನ ಗುರುತಿನ ಅಕ್ಷರಗಳಾದ ಕಾಲ್ ಸೈನನ್ನೂ ತನಗೆ ಪರವಾನಗಿ ದೊರೆತ ಊರಿನ ಹೆಸರನ್ನೂ ಹೇಳಲೇಬೇಕು. ಮಿಸಿಸಿಪ್ಪಿ ನದಿಯ ಪೂರ್ವದ ಕೇಂದ್ರಗಳ ಕಾಲ್ ಸೈನ್ ಸಾಮಾನ್ಯವಾಗಿ ಡಬ್ಲ್ಯು ಅಕ್ಷರದಿಂದ ಆರಂಭವಾಗುತ್ತದೆ, ಪಶ್ಚಿಮದವುಗಳದ್ದು ಕೆ ಅಕ್ಷರದಿಂದ. ಕೇಂದ್ರ ಮುಚ್ಚಿದಾಗ ಅಥವಾ ಹೊಸ ಮಾಲೀಕರು ಹೆಸರು ಬದಲಿಸಿದಾಗ ಹಳೆಯ ಅಕ್ಷರಗಳು ಸರ್ಕಾರದ ವಶಕ್ಕೆ ಮರಳುತ್ತವೆ. ಪರವಾನಗಿ ನೀಡುವ ಎಫ್‌ಸಿಸಿ ಅವನ್ನು ಮೊದಲು ಕೇಳಿದವರಿಗೆ ಕೊಡುತ್ತದೆ. ದಶಕಗಳ ಕಾಲ ಒಂದು ನಗರದ ಕಿವಿಯಲ್ಲಿ ನೆಲೆಸಿದ್ದ ಅಕ್ಷರಗಳನ್ನು ಹೀಗೆ ಮರುಹಂಚಿಕೆ ಮಾಡುವುದು ಸರಿಯೇ? ಎರಡೂ ಕಡೆಯ ವಾದವನ್ನು ಇಲ್ಲಿ ಇಡುತ್ತಿದ್ದೇನೆ. ನನ್ನ ಒಲವು ಎರಡನೆಯದರ ಕಡೆಗೆ ತುಸು ಹೆಚ್ಚಿದೆ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಪರ: ಅಕ್ಷರಗಳು ಯಾರ ಸ್ವತ್ತೂ ಅಲ್ಲ

ಕಾಲ್ ಸೈನ್ ಬಾನುಲಿ ತರಂಗದಂತೆಯೇ ಸಾರ್ವಜನಿಕರದು. ಪರವಾನಗಿ ಇರುವಷ್ಟು ಕಾಲ ಬಳಸಿ, ಆಮೇಲೆ ಬಿಟ್ಟುಕೊಡಬೇಕಾದ ಗುರುತು ಅದು. ಅಷ್ಟೇ ಅಲ್ಲ, ಇಂದು ನಾವು ಮೂಲ ಎಂದು ಗೌರವಿಸುವ ಎಷ್ಟೋ ಹೆಸರುಗಳು ಮೊದಲಿನಿಂದಲೂ ಬೇರೆಯವರು ಬಳಸಿ ಬಿಟ್ಟವೇ ಆಗಿವೆ.

ಅಟ್ಲಾಂಟಾದ ಡಬ್ಲ್ಯುಎಸ್‌ಬಿ ಕೇಂದ್ರದ ಕಥೆಯನ್ನೇ ನೋಡಬಹುದು. ಪ್ರಸಾರ ಕೇಂದ್ರಗಳು ಹುಟ್ಟುವ ಮೊದಲು ಈ ಮೂರು ಅಕ್ಷರಗಳು ಫ್ರಾನ್ಸಿಸ್ ಎಚ್. ಲೆಗೆಟ್ ಎಂಬ ಹಡಗಿನ ವೈರ್‌ಲೆಸ್ ಗುರುತಾಗಿದ್ದವು. ಆ ಹಡಗು 1914ರ ಸೆಪ್ಟೆಂಬರ್ 18ರಂದು ಒರೆಗಾನ್ ಕರಾವಳಿಯಾಚೆ ಮುಳುಗಿದಾಗ ಜೀವಂತವಾಗಿ ಉಳಿದವರು ಇಬ್ಬರೇ. ಅಕ್ಷರಗಳು ಅನಂತರ ಫರ್ವುಡ್ ಎಂಬ ಮತ್ತೊಂದು ಹಡಗಿಗೆ ಸಂದವು. ಅದೂ 1919ರ ಡಿಸೆಂಬರಿನಲ್ಲಿ ಪೆರು ದೇಶದ ಬಳಿ ಬೆಂಕಿಗೆ ಆಹುತಿಯಾಯಿತು. ಮುಳುಗಿದ ಹಡಗಿನ ಗುರುತನ್ನು ತಮ್ಮ ಹಡಗಿಗೆ ಹಚ್ಚಿಕೊಳ್ಳಲು ನಾವಿಕರು ಹಿಂದೆಗೆಯುತ್ತಿದ್ದರು. ಹೀಗೆ ಸಮುದ್ರದಲ್ಲಿ ಯಾರಿಗೂ ಬೇಡವಾದ ಅಕ್ಷರಗಳು ನೆಲದ ಮೇಲಿನ ಕೇಂದ್ರಗಳ ಪಾಲಿಗೆ ಬಂದವು. 1922ರ ಮಾರ್ಚ್ 15ರಂದು ಅಟ್ಲಾಂಟಾ ಜರ್ನಲ್ ಪತ್ರಿಕೆ ತನ್ನ ಕೇಂದ್ರ ತೆರೆದಾಗ ಅದಕ್ಕೆ ಸಿಕ್ಕಿದ್ದು ಎರಡು ಹಡಗುಗಳ ಅಂತ್ಯ ಕಂಡಿದ್ದ ಡಬ್ಲ್ಯುಎಸ್‌ಬಿ. ಅವೇ ಅಕ್ಷರಗಳಿಗೆ ‘ವೆಲ್ಕಮ್ ಸೌತ್, ಬ್ರದರ್’ ಎಂಬ ಆತ್ಮೀಯ ವಿಸ್ತರಣೆ ಕೊಟ್ಟು ಕೇಂದ್ರ ಶತಮಾನ ದಾಟಿತು. ಡೆನ್ವರ್‌ನ ಕೆಎಲ್‌ಜೆಡ್ ಕೂಡ 1920ರಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ಮುಳುಗಿದ ಸ್ಪೀಡ್‌ವೆಲ್ ಹಡಗಿನದೇ ಗುರುತು. ಷಿಕಾಗೋ ಟ್ರಿಬ್ಯೂನ್ ಪತ್ರಿಕೆ ತನ್ನನ್ನು ಜಗತ್ತಿನ ಅತಿ ದೊಡ್ಡ ಪತ್ರಿಕೆ ಎಂದು ಸಾರಿಕೊಳ್ಳಲು 1924ರಲ್ಲಿ ಆರಿಸಿಕೊಂಡ ಡಬ್ಲ್ಯುಜಿಎನ್ ಸಹ ಆಗ ಮಹಾಸರೋವರಗಳಲ್ಲಿ ಓಡಾಡುತ್ತಿದ್ದ ಸರಕು ಹಡಗೊಂದರ ಬಳಿಯಿತ್ತು. ಪತ್ರಿಕೆ ಅದನ್ನು ಬಿಡಿಸಿಕೊಂಡಿತು. ಮರುಬಳಕೆಗೆ ಅಂದು ಅವಕಾಶವೇ ಇಲ್ಲದಿದ್ದರೆ ಇಂದು ಕಾಪಾಡಬೇಕೆಂದು ಹಟ ಹಿಡಿಯುವ ಹೆಸರುಗಳಲ್ಲಿ ಹಲವು ಹುಟ್ಟುತ್ತಲೇ ಇರಲಿಲ್ಲ.

ಇನ್ನು ಲೆಕ್ಕದ ಮಾತು. ಕೆ ಅಥವಾ ಡಬ್ಲ್ಯುವಿನಿಂದ ಆರಂಭವಾಗುವ ನಾಲ್ಕಕ್ಷರದ ಜೋಡಣೆಗಳು ಒಟ್ಟು 35,152. ಎಎಂ, ಎಫ್ಎಂ ಕೇಂದ್ರಗಳೇ ಹದಿನೈದು ಸಾವಿರದ ಆಸುಪಾಸಿನಲ್ಲಿರುವ ದೇಶದಲ್ಲಿ, ಟಿವಿ ಕೇಂದ್ರಗಳೂ ಹಡಗುಗಳೂ ಇದೇ ಉಗ್ರಾಣದಿಂದ ಪಾಲು ಪಡೆಯುವಾಗ, ಒಮ್ಮೆ ಬಳಸಿದ ಪ್ರತಿಯೊಂದನ್ನೂ ಶಾಶ್ವತವಾಗಿ ಬೀಗ ಹಾಕಿ ಇಡಲಾಗದು. ಗೊಂದಲದ ಭಯವಂತೂ ಬೇಡ. ಎಫ್‌ಸಿಸಿಯ ದಾಖಲೆಯಲ್ಲಿ ಪ್ರತಿ ಕೇಂದ್ರಕ್ಕೂ ಹೆಸರು ಬದಲಾದರೂ ಬದಲಾಗದ ಒಂದು ಫೆಸಿಲಿಟಿ ಐಡಿ ಸಂಖ್ಯೆ ಇದೆ. ಕಾನೂನಿನ ದೃಷ್ಟಿಯಲ್ಲಿ ಕೇಂದ್ರದ ಗುರುತು ಅದೇ.

ಅಕ್ಷರಗಳು ಅಲೆದು ಮನೆಗೆ ಮರಳಿದ ಉದಾಹರಣೆಯೂ ಇದೆ. ವೆಸ್ಟಿಂಗ್‌ಹೌಸ್ ಕಂಪನಿ 1921ರಲ್ಲಿ ನ್ಯೂಅರ್ಕ್‌ನಲ್ಲಿ ಆರಂಭಿಸಿದ ಡಬ್ಲ್ಯುಜೆಜೆಡ್ ಕೈ ಬದಲಾಗಿ, ನ್ಯೂಯಾರ್ಕ್ ಸೇರಿ, 1953ರಲ್ಲಿ ಹೆಸರನ್ನೇ ಕಳೆದುಕೊಂಡಿತು. ನಾಲ್ಕು ವರ್ಷಗಳ ಬಳಿಕ ಅದೇ ವೆಸ್ಟಿಂಗ್‌ಹೌಸ್ ಬಾಲ್ಟಿಮೋರ್‌ನ ಟಿವಿ ಕೇಂದ್ರವೊಂದನ್ನು ಕೊಂಡು ತನ್ನ ಹಳೆಯ ಅಕ್ಷರಗಳನ್ನು ಅದಕ್ಕೆ ಇಟ್ಟಿತು. ಕನ್ನಡಿಗರಿಗಂತೂ ಈ ಬಗೆಯ ಮರುಬಳಕೆ ಅಪರಿಚಿತವಲ್ಲ. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ಆರಂಭಿಸಿದ ಪುಟ್ಟ ಕೇಂದ್ರದ ‘ಆಕಾಶವಾಣಿ’ ಎಂಬ ಹೆಸರು 1950ರ ದಶಕದಲ್ಲಿ ಇಡೀ ದೇಶದ ಬಾನುಲಿ ಜಾಲದ ಹೆಸರಾಯಿತು. ಅದನ್ನು ಮೈಸೂರಿನಲ್ಲೇ ಕಟ್ಟಿಹಾಕಿದ್ದರೆ ಯಾರಿಗೆ ಲಾಭವಿತ್ತು?

ವಿರೋಧ: ಹೆಸರಿನೊಡನೆ ಸಾಗುವುದು ಹೆಸರಷ್ಟೇ ಅಲ್ಲ

ಹಡಗಿನ ಉದಾಹರಣೆ ಕೇಳಲು ಸೊಗಸಾಗಿದೆ, ಆದರೆ ವಾದಕ್ಕೆ ಒದಗುವುದಿಲ್ಲ. ಅಟ್ಲಾಂಟಾದ ಶ್ರೋತೃ ಯಾರೂ ತಾನು ಕೇಳುತ್ತಿರುವುದು ಒರೆಗಾನ್‌ನಲ್ಲಿ ಮುಳುಗಿದ ಹಡಗನ್ನು ಎಂದು ಭ್ರಮಿಸಲಿಲ್ಲ. ಆ ಹಡಗಿನ ಹೆಸರನ್ನೇ ಅವರು ಕೇಳಿರಲಿಕ್ಕಿಲ್ಲ. ತೊಂದರೆ ಹುಟ್ಟುವುದು ಒಂದೇ ಊರಿನಲ್ಲಿ, ಒಂದೇ ವೃತ್ತಿಯಲ್ಲಿ, ಹಳೆಯ ಹೆಸರಿನ ನೆನಪು ಇನ್ನೂ ಹಸಿಯಾಗಿರುವಾಗ ಅದನ್ನು ಮತ್ತೊಬ್ಬರು ತೊಟ್ಟುಕೊಂಡಾಗ. ಅಲ್ಲದೆ, ಸತ್ತ ಹಡಗಿನ ಅಕ್ಷರಗಳನ್ನು ನಾವಿಕರು ಬೇಡವೆಂದದ್ದು ಏಕೆ? ಅವು ಬರಿಯ ಗುರುತಲ್ಲ, ಏನನ್ನೋ ಹೊತ್ತು ತರುತ್ತವೆ ಎಂಬುದು ಅವರಿಗೆ ಗೊತ್ತಿತ್ತು. ಪರ ವಾದದ ಅತ್ಯುತ್ತಮ ಸಾಕ್ಷಿ ಇಲ್ಲಿ ನಮ್ಮ ಕಡೆಗೇ ನುಡಿಯುತ್ತದೆ.

ನ್ಯೂಯಾರ್ಕ್‌ನ ಡಬ್ಲ್ಯುಎಬಿಸಿಯನ್ನು ತುಸು ಹತ್ತಿರದಿಂದ ನೋಡೋಣ. ಇಂದು ಈ ಹೆಸರು ಕೇಳಿದವರೆಲ್ಲ ಎಬಿಸಿ ಜಾಲವನ್ನು ನೆನೆಯುತ್ತಾರೆ. ಆದರೆ ನ್ಯೂಯಾರ್ಕ್‌ನಲ್ಲಿ ಈ ಅಕ್ಷರಗಳು ಮೊದಲು ಅಟ್ಲಾಂಟಿಕ್ ಬ್ರಾಡ್‌ಕಾಸ್ಟಿಂಗ್ ಕಂಪನಿಯವು. ಆ ಕೇಂದ್ರವನ್ನು 1920ರ ದಶಕದ ಕೊನೆಗೆ ಕೊಂಡದ್ದು ಮತ್ತೊಂದು ಪ್ರಸಾರ ಜಾಲವಾದ ಸಿಬಿಎಸ್. ಸಿಬಿಎಸ್‌ನ ಮುಖ್ಯ ಕೇಂದ್ರ 1946ರ ನವೆಂಬರ್‌ವರೆಗೂ ಡಬ್ಲ್ಯುಎಬಿಸಿಯಾಗಿಯೇ ಇತ್ತು. 1938ರ ಅಕ್ಟೋಬರ್ 30ರ ರಾತ್ರಿ, ಮಂಗಳ ಗ್ರಹದವರು ದಾಳಿಯಿಟ್ಟರೆಂದು ಶ್ರೋತೃಗಳನ್ನು ಬೆಚ್ಚಿಬೀಳಿಸಿದ ಆರ್ಸನ್ ವೆಲ್ಸ್‌ರ ರೇಡಿಯೋ ನಾಟಕ ನ್ಯೂಯಾರ್ಕ್ ನಗರಕ್ಕೆ ಕೇಳಿಸಿದ್ದು ಇದೇ ಡಬ್ಲ್ಯುಎಬಿಸಿಯಿಂದ. ಬಳಿಕ ಸಿಬಿಎಸ್, ಇಲಿನಾಯ್‌ನ ಸ್ಪ್ರಿಂಗ್‌ಫೀಲ್ಡ್‌ನ ಕೇಂದ್ರವೊಂದು ಬಳಸುತ್ತಿದ್ದ ಡಬ್ಲ್ಯುಸಿಬಿಎಸ್ ಹೆಸರನ್ನು ಪಡೆದುಕೊಂಡು ತನ್ನ ಹಳೆಯದನ್ನು ಬಿಟ್ಟಿತು. 1953ರಲ್ಲಿ ಆ ಅಕ್ಷರಗಳನ್ನು ಎತ್ತಿಕೊಂಡದ್ದು ಅದರ ನೇರ ಪ್ರತಿಸ್ಪರ್ಧಿಯಾದ ಎಬಿಸಿ. ಅದಕ್ಕಾಗಿ ಅದು ಬಿಟ್ಟುಕೊಟ್ಟದ್ದು ಮೇಲೆ ಹೇಳಿದ ಡಬ್ಲ್ಯುಜೆಜೆಡ್ ಎಂಬ ಹೆಸರನ್ನು.

ಈಗ ಸಂಗ್ರಹಾಲಯದಲ್ಲಿ ಕುಳಿತು ಹಳೆಯ ಧ್ವನಿಮುದ್ರಿಕೆಗಳನ್ನು ಪಟ್ಟಿ ಮಾಡುತ್ತಿರುವವರ ಪಾಡನ್ನು ಊಹಿಸಿಕೊಳ್ಳಿ. ತಟ್ಟೆಯ ಮೇಲಿನ ಚೀಟಿಯಲ್ಲಿ ‘ಡಬ್ಲ್ಯುಎಬಿಸಿ, ನ್ಯೂಯಾರ್ಕ್’ ಎಂದಷ್ಟೇ ಇದ್ದು ತಾರೀಖು ಅಳಿಸಿಹೋಗಿದ್ದರೆ ಅದು ಯಾವ ಜಾಲದ ಕಾರ್ಯಕ್ರಮ, ಹಕ್ಕು ಯಾರದು ಎಂಬುದನ್ನು ಅಕ್ಷರಗಳು ಹೇಳುವುದಿಲ್ಲ. ತಪ್ಪಾದ ಉತ್ತರದ ಕಡೆಗೆ ಕೈ ಮಾಡಿ ತೋರಿಸುತ್ತವೆ. ಫೆಸಿಲಿಟಿ ಐಡಿ ಇದೆಯಲ್ಲ ಎಂಬ ಸಮಾಧಾನ ಇಲ್ಲಿ ಕೆಲಸಕ್ಕೆ ಬಾರದು. ಅದು ಕಚೇರಿಯ ಅನುಕೂಲಕ್ಕೆ ಮಾಡಿಕೊಂಡ ಸಂಖ್ಯೆ. ಗಂಟೆಗೊಮ್ಮೆ ನಿರೂಪಕರು ಹೇಳುವುದು, ಚೀಟಿಯ ಮೇಲೆ ಬರೆಯುವುದು, ಊರಿನವರು ನೆನಪಿಟ್ಟುಕೊಳ್ಳುವುದು ಅಕ್ಷರಗಳನ್ನೇ.

ಅಭಾವದ ಲೆಕ್ಕವೂ ನನಗೆ ಒಪ್ಪಿಗೆಯಾಗಿಲ್ಲ. ಯಾರ ನೆನಪಿನಲ್ಲೂ ಇಲ್ಲದ ಸಾವಿರಾರು ಜೋಡಣೆಗಳು ಮುಕ್ತವಾಗಿರುವಾಗಲೂ ಹೆಸರಾಂತ ಕೇಂದ್ರಗಳ ಅಕ್ಷರಗಳೇ ಏಕೆ ಮತ್ತೆ ಮತ್ತೆ ಕೈ ಬದಲಿಸುತ್ತವೆ? ಯಾರೋ ಗಳಿಸಿದ ಕೀರ್ತಿ ಅವುಗಳಿಗೆ ಅಂಟಿಕೊಂಡಿರುವುದರಿಂದ. 1934ರಿಂದ 1992ರವರೆಗೆ ನ್ಯೂಯಾರ್ಕ್‌ನ ಎಎಂ ಬಾನುಲಿಯಲ್ಲಿ ಡಬ್ಲ್ಯುಎನ್ಇಡಬ್ಲ್ಯು ಎಂದರೆ ಜನಪ್ರಿಯ ಸಂಗೀತಕ್ಕೆ ಒಂದು ವಿಳಾಸವಾಗಿತ್ತು. ಆ ಕೇಂದ್ರ ಬ್ಲೂಮ್‌ಬರ್ಗ್ ಕೈಗೆ ಹೋಗಿ ವಾಣಿಜ್ಯ ಸುದ್ದಿಯ ಡಬ್ಲ್ಯುಬಿಬಿಆರ್ ಆಯಿತು. ಅದೇ ಅಕ್ಷರಗಳು 2012ರ ಹೊತ್ತಿಗೆ ವಾಷಿಂಗ್ಟನ್ ಪ್ರದೇಶದ 99.1 ಎಫ್ಎಂನಲ್ಲಿ ಸುದ್ದಿ ಕೇಂದ್ರವೊಂದರ ಹೆಸರಾಗಿದ್ದವು. 2016ರಲ್ಲಿ ಮತ್ತೆ ನ್ಯೂಯಾರ್ಕ್‌ಗೆ ಬಂದು 102.7 ಎಫ್ಎಂ ಸೇರಿದವು. ಸಂಗೀತ, ಸುದ್ದಿ, ಮತ್ತೆ ಸಂಗೀತ. ಇದರಲ್ಲಿ ಶ್ರೋತೃವಿನ ಹಿತ ಎಲ್ಲಿದೆ ಎಂದು ಹುಡುಕಿದರೆ ಸಿಗದು. ಪ್ರತಿಸ್ಪರ್ಧಿಗೆ ದಕ್ಕದಿರಲೆಂದು ಪ್ರಸಿದ್ಧ ಅಕ್ಷರಗಳನ್ನು ತಮ್ಮದೇ ಯಾವುದೋ ಸಣ್ಣ ಕೇಂದ್ರದ ಮೇಲೆ ‘ಪಾರ್ಕ್’ ಮಾಡಿ ಇಡುವ ರೂಢಿಯೂ ಆ ಉದ್ಯಮದಲ್ಲಿದೆ. ಸಾರ್ವಜನಿಕರ ಸ್ವತ್ತು ಎನ್ನುವ ಮಾತು ಅಲ್ಲಿಗೆ ಮುಗಿಯಿತು.

ಆಕಾಶವಾಣಿಯ ಹೋಲಿಕೆಗೆ ಇಷ್ಟೇ ಉತ್ತರ: ಅಲ್ಲಿ ಹೆಸರು ಒಂಟಿಯಾಗಿ ಹೋಗಲಿಲ್ಲ. ಮೈಸೂರಿನ ಕೇಂದ್ರವೇ ಮೊದಲು ಸಂಸ್ಥಾನದ ಆಡಳಿತಕ್ಕೆ, ಅನಂತರ ರಾಷ್ಟ್ರೀಯ ಜಾಲಕ್ಕೆ ಸೇರಿತು. ಹೆಸರೂ ಸಂಸ್ಥೆಯೂ ಒಂದೇ ಮನೆಯವು. ಹಾಗೆ ನೇರ ಸಂಬಂಧವಿರುವಲ್ಲಿ ಹೆಸರು ಸಾಗುವುದಕ್ಕೆ ನನ್ನ ತಕರಾರಿಲ್ಲ. ಷಿಕಾಗೋದ ಕೆವೈಡಬ್ಲ್ಯು 1934ರಲ್ಲಿ ಫಿಲಡೆಲ್ಫಿಯಾಕ್ಕೂ 1956ರಲ್ಲಿ ಕ್ಲೀವ್‌ಲ್ಯಾಂಡ್‌ಗೂ ಹೋಗಿ 1965ರಲ್ಲಿ ಮತ್ತೆ ಫಿಲಡೆಲ್ಫಿಯಾಕ್ಕೆ ಬಂದಾಗಲೂ ಅಕ್ಷರಗಳ ಹಿಂದೆ ಒಂದೇ ವೆಸ್ಟಿಂಗ್‌ಹೌಸ್ ಇತ್ತು. ಪಶ್ಚಿಮದ ಕೆ ಅಕ್ಷರವನ್ನು ಪೂರ್ವದ ಊರಿನಲ್ಲಿ ಹೊತ್ತು ನಿಂತದ್ದೇ ಅದರ ಹೆಮ್ಮೆಯಾಯಿತು.

ಹಾಗಾದರೆ ಏನು ಮಾಡಬೇಕು? ಅಕ್ಷರಗಳನ್ನು ಶಾಶ್ವತವಾಗಿ ಹೂಳಬೇಕೆಂದು ನಾನು ಕೇಳುತ್ತಿಲ್ಲ. ದೀರ್ಘಕಾಲ ಒಂದೇ ನಗರದಲ್ಲಿ ಬಳಕೆಯಲ್ಲಿದ್ದ ಕಾಲ್ ಸೈನ್ ಬಿಡುಗಡೆಯಾದಾಗ, ಹಳೆಯ ಕೇಂದ್ರದೊಡನೆ ಸಂಬಂಧವಿಲ್ಲದವರಿಗೆ ಅದೇ ನಗರದಲ್ಲಿ ಅದನ್ನು ಕೊಡುವ ಮುನ್ನ ಕನಿಷ್ಠ ಒಂದು ತಲೆಮಾರು ಕಾಯಬೇಕು. ಜೊತೆಗೆ ಅಕ್ಷರಗಳನ್ನು ಹಿಡಿದು ಹುಡುಕಬಹುದಾದ ಒಂದು ಅಧಿಕೃತ ದಾಖಲೆ ಬೇಕು. ಎಫ್‌ಸಿಸಿ ಬಳಿ 1927ರಿಂದ ಸುಮಾರು 1980ರವರೆಗಿನ ಹಿಸ್ಟರಿ ಕಾರ್ಡ್‌ಗಳಿವೆ. ಪರವಾನಗಿ, ತರಂಗಾಂತರ, ಹೆಸರಿನ ಬದಲಾವಣೆಗಳು ಒಂದರ ಕೆಳಗೊಂದು ಟೈಪ್ ಆಗಿರುವ ಈ ಕಾರ್ಡ್‌ಗಳು ಇತಿಹಾಸಕಾರರಿಗೆ ನಿಧಿಯೇ ಸರಿ. ಆದರೆ ಪ್ರತಿ ಕಾರ್ಡೂ ಒಂದು ಕೇಂದ್ರದ ಚರಿತ್ರೆ. ಒಂದೇ ಹೆಸರು ಯಾರಿಂದ ಯಾರಿಗೆ ಹೋಯಿತು ಎಂಬುದನ್ನು ತಿಳಿಯಬೇಕಾದವರು ಹಲವು ಕೇಂದ್ರಗಳ ಕಾರ್ಡ್‌ಗಳನ್ನು ತೆರೆದು ತಾವೇ ಹೊಲಿದುಕೊಳ್ಳಬೇಕು. 1980ರ ದಶಕದಲ್ಲಿ ಎಫ್‌ಸಿಸಿ ಹೆಸರಿನ ತಕರಾರುಗಳ ವಿಚಾರಣೆಯನ್ನೂ ಕೈಬಿಟ್ಟು, ಆಕ್ಷೇಪವಿದ್ದವರು ನ್ಯಾಯಾಲಯಕ್ಕೆ ಹೋಗಲಿ ಎಂದಿತು.

ಹಂಚಿಕೊಂಡ ಹೆಸರುಗಳ ತೊಡಕು ಈಗ ಇನ್ನೂ ಹೆಚ್ಚಿದೆ. 2017ರಲ್ಲಿ ಸಿಬಿಎಸ್ ತನ್ನ ಬಾನುಲಿ ವಿಭಾಗವನ್ನು ಬೇರೆ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಡಬ್ಲ್ಯುಸಿಬಿಎಸ್ ಎಂಬ ಒಂದೇ ಹೆಸರಿನ ಟಿವಿ ಮತ್ತು ಬಾನುಲಿ ಬೇರೆ ಬೇರೆ ಮಾಲೀಕರ ಕೈಯಲ್ಲಿವೆ. 2024ರ ಆಗಸ್ಟಿನಲ್ಲಿ 880 ಎಎಂನ ಸುದ್ದಿ ಕೇಂದ್ರ ನಿಂತು ಅಲ್ಲಿಗೆ ಡಬ್ಲ್ಯುಎಚ್‌ಎಸ್‌ಕ್ಯು ಎಂಬ ಹೊಸ ಕಾಲ್ ಸೈನ್ ಬಂತು. ಹಳೆಯ ಅಕ್ಷರಗಳು 101.1 ಎಫ್ಎಂನ ಸಂಗೀತ ಕೇಂದ್ರದಲ್ಲೂ ಟಿವಿಯಲ್ಲೂ ಮುಂದುವರಿದವು. ಇಂಥ ಸಂದರ್ಭದಲ್ಲಿ ಆ ಹೆಸರಿನ ಸುದ್ದಿಯ ಪರಂಪರೆ ಯಾರದೆಂದು ತೀರ್ಮಾನಿಸುವ ನಿಯಮ ಇಂದಿಗೂ ಇಲ್ಲ, ಮತ್ತು ಅದನ್ನು ರೂಪಿಸುವ ಹೊಣೆ ಹಂಚಿಕೆಯ ಅಧಿಕಾರ ಇಟ್ಟುಕೊಂಡಿರುವ ಎಫ್‌ಸಿಸಿಯದೇ ಆಗಿದೆ.