ಪ್ರಥಮ ಬಹುಮಾನದ ಹೊಲಸು ನೀರು

ಫೆಬ್ರುವರಿ 28ಕ್ಕೆ ವಿಜ್ಞಾನ ದಿನ, ಮಾರ್ಚ್ 22ಕ್ಕೆ ಜಲ ದಿನ. ಇವೆರಡರ ನಡುವಿನ ಮೂರು ವಾರ ವಿಜಯಪುರದ ಪಾಲಕರು ಎರಡು ಲೀಟರಿನ ಖಾಲಿ ಬಾಟಲಿಗಾಗಿ ಓಣಿ ಓಣಿ ಅಲೆಯುತ್ತಾರೆ. ಮಕ್ಕಳು ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಜಲಮಾಲಿನ್ಯದ ಮಾಡೆಲ್, ಅಂದರೆ ಹೊಲಸು ನೀರು ಸೋಸುವ ಬಾಟಲಿ, ಒಯ್ಯಬೇಕಲ್ಲ! ಖಾಲಿ ಸಿಗದಿದ್ದರೆ ತುಂಬಿದ್ದನ್ನೇ ಕೊಂಡು, ಒಳಗಿನ ಬಣ್ಣದ ನೀರನ್ನು ಗಟಾರಕ್ಕೆ ಚೆಲ್ಲಿ ಪಾಠ ಆರಂಭಿಸಬಹುದು.

ಮಾಡುವ ಬಗೆ ಕಠಿಣವಲ್ಲ. ಬಾಟಲಿಯ ತಳ ಕತ್ತರಿಸಿ, ತಲೆಕೆಳಗು ಹಿಡಿದು, ಬಾಯಿಗೆ ಎರಡು ಪದರ ತೆಳು ಬಟ್ಟೆ ಹಾಕಿ ರಬ್ಬರ್ ಬ್ಯಾಂಡ್ ಬಿಗಿಯಿರಿ. ಒಳಗೆ ಒಂದಿಷ್ಟು ಅರಳೆ, ಅದರ ಮೇಲೆ ಮೂರು ಸೆಂಟಿಮೀಟರ್ ಕುಟ್ಟಿದ ಇದ್ದಿಲು, ಎಂಟು ಸೆಂಟಿಮೀಟರ್ ಸಣ್ಣ ಉಸುಕು, ಮೂರು ಸೆಂಟಿಮೀಟರ್ ದಪ್ಪ ಉಸುಕು, ಎಲ್ಲಕ್ಕೂ ಮೇಲೆ ಹರಳು. ಇಷ್ಟು ಮಾಡಿ ನೀರು ಹಾಕಿದರೆ, ಹಾಕಿದ್ದಕ್ಕಿಂತ ಹೊಲಸು ನೀರು ಕೆಳಗೆ ಬರುತ್ತದೆ. ಉಸುಕು ತೊಳೆದಿಲ್ಲ, ಅದಕ್ಕೆ. ಬೋಗುಣಿಯಲ್ಲಿ ಹಾಕಿ ಮೇಲಿನ ನೀರು ತಿಳಿಯಾಗುವ ತನಕ ಏಳೆಂಟು ಸಲ ಕೈಯಾಡಿಸಿ ಚೆಲ್ಲಬೇಕು. ಇದ್ದಿಲಿಗೂ ಅದೇ ಸೇವೆ, ಇಲ್ಲವಾದರೆ ಕರಿ ನೀರು. ಒಟ್ಟು ಕೊಡ ನೀರು ಖರ್ಚು ಮಾಡಿ ಒಂದು ಲೋಟ ತಿಳಿ ನೀರು ಪಡೆಯುವ ಈ ಯಂತ್ರವನ್ನು ‘ನೀರಿನ ಮಿತವ್ಯಯ’ ವಿಭಾಗದಲ್ಲಿ ನೋಂದಾಯಿಸಿ.

ಇನ್ನು ಹೊಲಸು ನೀರಿನ ಆಯ್ಕೆ. ಬಹುಮಾನ ನಿಂತಿರುವುದೇ ಇದರ ಮೇಲೆ. ಒಣ ಎಲೆ, ಚಹಾದ ಚರಟ, ಒಂದು ಹಿಡಿ ಮರಳುಮಣ್ಣು ಸಾಕು. ಮನೆ ಮುಂದೆಯೇ ಸಿಗುತ್ತದೆಂದು ಯರಿ ಮಣ್ಣನ್ನು ಮಾತ್ರ ಕದಡಬೇಡಿ. ಅದರ ಜೇಡಿಯ ಕಣ ಎರಡು ಮೈಕ್ರಾನಿಗಿಂತ ಸಣ್ಣದು, ಉಸುಕಿನ ಸಂದಿ ಅದಕ್ಕೆ ಅಗಸಿ ಬಾಗಿಲಿದ್ದಂತೆ. ಕಣಗಳಿಗೆಲ್ಲ ಒಂದೇ ಬಗೆಯ ವಿದ್ಯುದಂಶ ಇರುವುದರಿಂದ ಒಂದನ್ನೊಂದು ದೂಡುತ್ತ ದಿನಗಟ್ಟಲೆ ತೇಲುತ್ತವೆ, ತಳಕ್ಕೆ ಕೂಡುವುದಿಲ್ಲ. ಲೀಟರ್ ನೀರಿಗೆ ಹೆಸರುಕಾಳಿನಷ್ಟು ಪಟಕದ ಪುಡಿ ಹಾಕಿ, ಒಂದು ನಿಮಿಷ ಜೋರಾಗಿ, ಆಮೇಲೆ ಹತ್ತು ನಿಮಿಷ ಮೆಲ್ಲಗೆ ತಿರುವಿ, ಅರ್ಧ ತಾಸು ಬಿಟ್ಟರೆ ಕಣಗಳು ಹಿಂಜಿದ ಅರಳೆಯಂತೆ ಗುಂಪುಗೂಡಿ ಇಳಿಯುತ್ತವೆ. ನೋಡಲು ಬಲು ಚೆಂದ. ಆದರೆ ನಿರ್ಣಾಯಕರು ಒಂದು ಮೇಜಿನ ಮುಂದೆ ನಿಲ್ಲುವುದು ನಲವತ್ತು ಸೆಕೆಂಡು, ಅದರಲ್ಲಿ ಮೂವತ್ತು ಫೋಟೊಕ್ಕೆ. ಮಿಣುಕುವ ಬಲ್ಬಿಲ್ಲದ ವಿಜ್ಞಾನಕ್ಕೆ ಸಮಾಧಾನಕರ ಬಹುಮಾನವೂ ಸಿಗದು.

ನೀರನ್ನು ಎತ್ತರದಿಂದ ಸುರಿಯಬೇಡಿ. ಧಾರೆ ಬಿದ್ದಲ್ಲಿ ಉಸುಕಿನಲ್ಲಿ ಕುಳಿ ಬೀಳುತ್ತದೆ, ಬಾಟಲಿಯ ಗೋಡೆಗುಂಟ ದಾರಿ ಮಾಡಿಕೊಂಡು ನೀರು ಸೋಸದೆಯೇ ಇಳಿಯುತ್ತದೆ. ಚಮಚೆಯ ಬೆನ್ನ ಮೇಲೆ ಹನಿಸಬೇಕು. ಇಷ್ಟೆಲ್ಲ ತಾಪತ್ರಯ ಬೇಡವೆನ್ನುವವರು ಮೇಜಿನ ಬಟ್ಟೆಯ ಕೆಳಗೆ ಮೊದಲೇ ಒಂದು ಲೋಟ ನಲ್ಲಿ ನೀರು ತುಂಬಿಟ್ಟಿರುತ್ತಾರೆ. ಅನುಭವಸ್ಥರು.

ಮುಖ್ಯ ಅತಿಥಿಗಳು ಬಂದರು. “ಭಾಳ ಛಲೋ ಮಾಡೀಯಲ್ಲವಾ! ಈ ನೀರು ಕುಡೀಬಹುದೇನು?”

“ಹೌದ್ರಿ ಸರ್, ಪೂರಾ ಶುದ್ಧ ಐತ್ರಿ.”

“ಶಭಾಶ್!” ಎಂದ ಸಾಹೇಬರು ಹಿಂದಿದ್ದವರು ಚಾಚಿದ ಸೀಲ್ ಬಾಟಲಿಯ ಮುಚ್ಚಳ ತಿರುವಿ, ಎರಡು ಗುಟುಕು ಕುಡಿದು, ಉಳಿದದ್ದನ್ನು ಅದೇ ಮೇಜಿನ ಮೇಲಿಟ್ಟು ಮುಂದೆ ನಡೆದರು. ಹುಡುಗಿ ಹೇಳಿದ್ದು ತಪ್ಪು. ಕಲಿಸಿಕೊಟ್ಟವರಿಗೆ ಅದು ಗೊತ್ತು, ಸಾಹೇಬರ ಗಂಟಲಿಗಂತೂ ಚೆನ್ನಾಗಿ ಗೊತ್ತು.

ಹುಡುಗಿಯ ಸೋಸುವ ಬಾಟಲಿಗೆ ಒಂದು ಚಿಟಿಕೆ ಉಪ್ಪು ಕರಗಿಸಿದ ನೀರು ಹಾಕಿ, ನೀರಲ್ಲಿ ಕರಗಿದ್ದನ್ನು ಅಳೆಯುವ ಟಿಡಿಎಸ್ ಮೀಟರ್ ಅದ್ದಿದರೆ ಸಾಕು. ಮೇಲೆ ಎಷ್ಟೋ ಕೆಳಗೂ ಹೆಚ್ಚುಕಡಿಮೆ ಅಷ್ಟೇ, ಇದ್ದಿಲ ಬೂದಿಯಿಂದ ತುಸು ಜಾಸ್ತಿಯೂ ಆದೀತು. ಕರಗಿದ್ದು ಉಸುಕಿಗೆ ಸಿಗುವುದಿಲ್ಲ. ಹೊಲದ ಯೂರಿಯಾ, ಬಚ್ಚಲ ಗುಂಡಿಯಿಂದ ಬೋರಿಗಿಳಿಯುವ ನೈಟ್ರೇಟೂ ಹಾಗೆಯೇ. ಲೀಟರಿಗೆ 45 ಮಿಲಿಗ್ರಾಂ ಎಂಬುದು ಕುಡಿಯುವ ನೀರಿನಲ್ಲಿ ನೈಟ್ರೇಟಿಗೆ ಭಾರತೀಯ ಮಾನಕ 10500 ಹಾಕಿದ ಮಿತಿ. ಕುದಿಸಿದರೆ ರೋಗಾಣು ಸಾಯುತ್ತವೆ, ನೈಟ್ರೇಟ್ ಮಾತ್ರ ಇನ್ನಷ್ಟು ದಟ್ಟವಾಗುತ್ತದೆ. ನಿಜವಾಗಿ ರೋಗಾಣು ಹಿಡಿಯುವ ಉಸುಕಿನ ಸೋಸುವಿಕೆ ಒಂದಿದೆ, 1829ರಲ್ಲಿ ಲಂಡನ್ನಿನಲ್ಲಿ ಜೇಮ್ಸ್ ಸಿಂಪ್ಸನ್ ಕಟ್ಟಿದ ಬಗೆಯದು. ಅಲ್ಲಿ ನೀರು ತಾಸಿಗೆ 10ರಿಂದ 20 ಸೆಂಟಿಮೀಟರ್ ಇಳಿಯುತ್ತದೆ. ಕೆಲಸ ಮಾಡುವುದು ಉಸುಕಿನ ನೆತ್ತಿಯ ಮೇಲೆ ಬೆಳೆಯುವ ಲೋಳೆ ಜೀವಪದರ, ಅದು ಕಟ್ಟಲು ವಾರಗಳೇ ಬೇಕು. ಲೋಳೆ ಕಂಡರೆ ನಮ್ಮಲ್ಲಿ ನಿರ್ಣಾಯಕರು ‘ಸ್ವಚ್ಛತೆ’ಯ ಐದು ಅಂಕ ಕಳೆಯುತ್ತಾರೆ.

ಮಜಾ ಎಂದರೆ, ಇದೇ ಊರಲ್ಲಿ ಆದಿಲ್‌ಶಾಹಿಗಳು ನೆಲದಡಿಯ ಕಾಲುವೆಯಲ್ಲಿ ತೊರವಿಯಿಂದ ನೀರು ತಂದು, ದಾರಿಯಲ್ಲಿ ಗಂಜ್‌ಗಳೆಂಬ ಎತ್ತರದ ಗೋಪುರ ನಿಲ್ಲಿಸಿ, ಒತ್ತಡ ಮುರಿದು ಹೂಳು ತಳಕ್ಕಿಳಿಯಲು ಬಿಡುತ್ತಿದ್ದರು. ತುಂಬಿದ ಮೇಲೆ ತಿಳಿ ನೀರು ಮುಂದಕ್ಕೆ. ಬಾಟಲಿ ಬೇಡ, ಬಲ್ಬು ಬೇಡ, ಮಕ್ಕಳನ್ನು ನಡೆಸಿಕೊಂಡು ಹೋಗಿ ತೋರಿಸಬಹುದು. ತೋರಿಸುವುದಿಲ್ಲ. ಅವರನ್ನು ಗೋಲಗುಮ್ಮಟಕ್ಕೆ ಒಯ್ದು ಕೂಗಿಸುತ್ತೇವೆ. 1620ರ ತಾಜ್ ಬಾವಡಿ ಎಂಬ ದೊಡ್ಡ ಬಾವಿಗೆ ಗಣಪತಿ, ಹೂವಿನ ಹಾರ, ಬಣ್ಣ ಎಲ್ಲವನ್ನೂ ಕುಡಿಸಿ, ಆ ನೀರಿನ ಚಿತ್ರವನ್ನೇ ‘ಮಾಲಿನ್ಯ’ ಎಂದು ಚಾರ್ಟಿಗೆ ಅಂಟಿಸಿದ ಜಾಣರು ನಾವು.

ನಿಜವಾದ ಪ್ರಯೋಗವೇ ಬೇಕೆಂದು ಹಟ ಹಿಡಿಯುವ ಮೇಷ್ಟ್ರು ಎಲ್ಲೋ ಒಬ್ಬರು ಇರುತ್ತಾರೆ. ಅವರಿಗೆ ಹೈಡ್ರೋಜನ್ ಸಲ್ಫೈಡ್ ಪರೀಕ್ಷೆಯ ಪುಟ್ಟ ಬಾಟಲಿ ಇದೆ, ಬೆಲೆಯೂ ಅಗ್ಗ. ಒಳಗೆ ಬೆರಳು ಸೋಕಿಸದೆ ಗೆರೆಯ ತನಕ ನೀರು ತುಂಬಿ, ಮುಚ್ಚಿ, ಬೆಚ್ಚಗಿನ ಕಡೆ ಇಡಬೇಕು. ಮಾರ್ಚಿನ ವಿಜಯಪುರದಲ್ಲಿ ಬೆಚ್ಚಗಿಲ್ಲದ ಕಡೆ ಹುಡುಕುವುದೇ ಕಷ್ಟ. ಹೇಲು ಬೆರೆತ ನೀರಾದರೆ 24ರಿಂದ 48 ತಾಸಿನಲ್ಲಿ ಕರ್ರಗಾಗುತ್ತದೆ. ತೊಡಕು ಎರಡು. ಫಲಿತಾಂಶ ಬರುವಷ್ಟರಲ್ಲಿ ಪೆಂಡಾಲ್ ಬಿಚ್ಚಿರುತ್ತಾರೆ. ಎರಡನೆಯದು, ಮಕ್ಕಳು ಹೇಳಿದ ಮಾತು ಕೇಳದೆ, ಮಾಳಿಗೆ ಮೇಲೆ ಮುಚ್ಚಳ ಹಾರಿಹೋದ ಶಾಲೆಯ ಟಾಕಿಯಿಂದಲೂ ಒಂದು ಬಾಟಲಿ ತುಂಬಿಸಿಟ್ಟಿರುತ್ತವೆ.

ಅದು ಕರ್ರಗಾದರೆ ಗಾಬರಿ ಬೇಡ. ಲೇಬಲ್ ಕಿತ್ತು ‘ಹಳ್ಳದ ನೀರು’ ಎಂದು ಬರೆದು ಅಂಟಿಸಿ, ಮುಂದಿನ ವರ್ಷದ ಪ್ರದರ್ಶನಕ್ಕೂ ಆಗುತ್ತದೆ.